ಮೈಲಾರಿ ಪ್ರಿಂಟರ್ ಮಲಗಿಸಿದ್ದು

ಊರಿಗೊಬ್ಬ ಜಾಣನಿದ್ದರೆ ಊರು ಹೇಗೋ ನಡೆದುಹೋಗುತ್ತೆ. ಪೆದ್ದ ಮಾತ್ರ ಮನೆಗೊಬ್ಬ ಬೇಕು, ಇಲ್ಲದಿದ್ದರೆ ನಗೋದು ಯಾರನ್ನ ನೋಡಿ? ಫಕೀರವ್ವನ ಮನೆಗೆ ದೇವರು ಮೈಲಾರಿಯನ್ನ ಕೊಟ್ಟಿದ್ದ. ಇಪ್ಪತ್ತಾರು ವರ್ಷ, ಬಾಗಿಲಷ್ಟೆತ್ತರ, ಯಾವಾಗಲೂ ಅರೆಗಣ್ಣು. ನಿಂತಲ್ಲೇ ಕನಸು ಕಾಣುವವ. ಹೇಳಿದ್ದನ್ನ ಹೇಳಿದ ಹಾಗೇ ಮಾಡುವವ. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮೆಯಿಲ್ಲ!

ಫಕೀರವ್ವನದು ಬಸ್‌ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು. ಕಂಪ್ಯೂಟರ್ ರಿಪೇರಿ ಮಾಡುವ ಜೈನಾಬಿ ಅದಕ್ಕೆ ಲಿನಕ್ಸ್ ಅನ್ನೋ ಪುಕ್ಕಟೆ ತಂತ್ರಾಂಶ ಹಾಕಿ, ಪರದೆ ತುಂಬ ಕನ್ನಡ ಮಾಡಿಕೊಟ್ಟಿದ್ದಳು. ಅಷ್ಟರಲ್ಲಿ ಫಕೀರವ್ವನಿಗೆ ಕಣ್ಣಿನ ಆಪರೇಶನ್ ಆಯ್ತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಿಗೆ ಮಂಜು. ಮೂಲೆಯ ಕುರ್ಚಿಯಲ್ಲಿ ಅವಳು ಕೂತಳು, ಯಂತ್ರದ ಮುಂದೆ ಮಗ ಕೂತ.

ಹಿಂದಿನ ಓಣಿಯ ಹುಚ್ಚವ್ವಜ್ಜಿಗೆ ಹನ್ನೆರಡು ಜೋಗುಳ ಬರುತ್ತಿದ್ದವು. ಅವನ್ನ ಬಲ್ಲವರು ಊರಲ್ಲಿ ಇನ್ನೊಬ್ಬರಿಲ್ಲ. ಈಚೆಗೆ ಅಜ್ಜಿಯ ನೆನಪು ತೂತುಬಿದ್ದ ಕೊಡ. ಮೊಮ್ಮಗಳು ಶಿವಲೀಲಾ ಎಲ್ಲ ಬರೆದುಕೊಂಡು, ಟೈಪ್ ಮಾಡಿ, ಅಂಗಡಿಗೆ ತಂದಳು.

"ಗುರುವಾರ ನನ್ನ ಮಗಳಿಗೆ ಹೆಸರಿಡೋದೈತಿ ಚಿಗವ್ವಾ. ಅರವತ್ತು ಪ್ರತಿ ಬೇಕು. ಅಜ್ಜಿ ಕೂಡ ಎಲ್ಲಾರೂ ಹಾಡಬೇಕು!"

ಫಕೀರವ್ವನನ್ನೂ ತೂಗಿ ಮಲಗಿಸಿದ್ದು ಅದೇ ಹುಚ್ಚವ್ವಜ್ಜಿ. "ಕೊಟ್ಟೇ ಕೊಡ್ತೀನಿ," ಅಂತ ಮಾತು ಕೊಟ್ಟಳು.

ಸೋಮವಾರ ಮೈಲಾರಿ ಗುಂಡಿ ಒತ್ತಿದ. ಹಾಳೆ ಬರಲಿಲ್ಲ. ಮತ್ತೆ ಒತ್ತಿದ. ಬರಲಿಲ್ಲ. ಜೈನಾಬಿಗೆ ಫೋನ್ ಹಚ್ಚಿದ.

"ಕ್ಯೂದಾಗ ಹಳೇವು ಸಿಕ್ಕೊಂಡು ನಿಂತಾವ. ಮೊದಲು ಕ್ಯೂ ಖಾಲಿ ಮಾಡು!" ಅಂದಳು ಜೈನಾಬಿ.

ಮೈಲಾರಿ ಬಾಗಿಲಿಗೆ ಬಂದ. ಅಲ್ಲಿ ಪಿಂಚಣಿ ಅರ್ಜಿ ಹಿಡಿದ ಮುದುಕರು ಸಾಲಾಗಿ ನಿಂತಿದ್ದರು. ಕ್ಯೂ ಹೌದು, ಹಳೆಯವರೂ ಹೌದು!

"ಹೋಗ್ರಿ, ಹೋಗ್ರಿ! ನಿಮ್ಮಿಂದನ ಪ್ರಿಂಟ್ ನಿಂತೈತಿ!"

ಬೈದುಕೊಂಡು ಹೋದರು. ಮೂಲೆಯಿಂದ ಫಕೀರವ್ವ ಕೇಳಿದಳು, "ಯಾಕೋ, ಮಂದಿ ದನಿಯೇ ಇಲ್ಲ?"

"ಖಾಲಿ ಮಾಡಿದೆ ಅವ್ವಾ."

"ಅಯ್ಯೋ ನನ್ನ ಹಣೇಬರಾ! ಬಾಗಿಲಿಗೆ ಬಂದವರನ್ನ ಅಟ್ತಾರೇನೋ? ಯಾರನ್ನೂ ಹೊರಗ ಹಾಕಬ್ಯಾಡ. ಒಳಗ ಕರಿ, ಕೂಡಸು, ಚಾ ಕೊಡು!"

"ಹೂಂ ಅವ್ವಾ. ಕರೀತೀನಿ, ಕೂಡಸ್ತೀನಿ, ಚಾ ಕೊಡ್ತೀನಿ."

ಯಂತ್ರದೊಳಗೆ ಸಿಕ್ಕಿಬಿದ್ದ ಹಳೇ ಪ್ರಿಂಟುಗಳನ್ನ ಫಕೀರವ್ವ ಹೇಳಿ ಹೇಳಿ ಮಗನಿಂದ ಅಳಿಸಿದಳು. ಆದರೂ ಹಾಳೆ ಬರಲಿಲ್ಲ. ಮತ್ತೆ ಫೋನು.

"ಹಂಗಾರ ಅದು ಡ್ರೈವರಿಂದ. ಹಳೇ ಡ್ರೈವರ್ ತಗದು ಹೊಸಾ ಡ್ರೈವರ್ ಕೂಡಸು!"

ಮೈಲಾರಿ ಯೋಚಿಸಿದ. ತೆಗೆಯೋದು ಹೇಗೆ? ಯಾರನ್ನೂ ಹೊರಗೆ ಹಾಕಬೇಡ ಅಂದಿದ್ದಾಳೆ ಅವ್ವ! ಕೂರಿಸೋದಾದರೆ ಸರಿ. ರಸ್ತೆ ದಾಟಿದ. ಬಸ್‌ಸ್ಟ್ಯಾಂಡಲ್ಲಿ ಇಮಾಮಸಾಬ ಅನ್ನೋ ಹಳೇ ಡ್ರೈವರು ಹೊಸದಾಗಿ ಸೇರಿದ ಹುಡುಗನಿಗೆ ಬಸ್ಸು ಒಪ್ಪಿಸುತ್ತಿದ್ದ. ಇಬ್ಬರನ್ನೂ ಕೈಹಿಡಿದು ಕರೆತಂದು, ಪ್ರಿಂಟರಿನ ಆಚೆ ಒಬ್ಬನನ್ನ, ಈಚೆ ಒಬ್ಬನನ್ನ ಕೂರಿಸಿ, ಚಾ ಕೊಟ್ಟ. ಚಾ ಚೆನ್ನಾಗಿತ್ತು. ಡ್ರೈವರುಗಳು ಕಾಲು ಚಾಚಿದರು. ಹೊರಗೆ ಬಸ್ಸಿನ ತುಂಬ ಜನ ಹೊಯ್ಕೊಂಡರು.

"ಏನೋ ಅದು ಗದ್ದಲ?"

"ಹೊಸಾ ಡ್ರೈವರ್ ಕೂಡಿಸೀನಿ ಅವ್ವಾ. ಹಳೇವರು ಎದ್ದು ಹೋಗವಲ್ಲರು."

ಫಕೀರವ್ವ ಕೂತಲ್ಲೇ ಎದೆ ಬಡಿದುಕೊಂಡಳು. "ಡ್ರೈವರ್ ಅಂದ್ರ ಮನಶಾ ಅಲ್ಲೋ ಮಂಕೇ! ಕಂಪ್ಯೂಟರ್ ಆಡೋ ಮಾತು ಪ್ರಿಂಟರಿಗೆ ತಿಳಿಯೂ ಹಂಗ ಹೇಳೋ ದುಭಾಷಿ ಅದು. ಯಂತ್ರದೊಳಗ ಇರ್ತೈತಿ. ನೀ ಹೊರಗ ಹೋಗಲೇಬ್ಯಾಡ. ಪರದೆ ಏನು ಕೇಳ್ತೈತೋ ಅದಕ್ಕ ಹೂಂ ಅನ್ನು, ಸಾಕು!"

ಮರುದಿನ ಮಂಗಳವಾರ. ಪರದೆ ಕೇಳಿತು: ಹೊಸ ಡ್ರೈವರ್ ಸ್ಥಾಪಿಸಲೇ?

"ಹೂಂ," ಅಂದ ಮೈಲಾರಿ.

ಪರದೆ ಸುಮ್ಮನಿತ್ತು. ಕೇಳಿಸಿರಲಿಕ್ಕಿಲ್ಲ ಅಂತ ಮತ್ತೆ "ಹೂಂ" ಅಂದ. ಫ್ಯಾನು ತಿರುಗುತ್ತಿತ್ತು. ಬಿಸಿಲು ಗಾಜಿನ ಮೇಲೆ ನಿಧಾನ ಜಾರುತ್ತಿತ್ತು. "ಹೂಂ." ಮೈಲಾರಿಗೆ ಪರದೆ ಏನೋ ಕತೆ ಹೇಳುತ್ತಿರುವಂತೆ ಅನ್ನಿಸಿತು. ಬೆಳ್ಳನೆಯ ಹಾಳೆಗಳ ಊರು, ಅಲ್ಲಿ ಬೆಳ್ಳನೆಯ ಮನೆ, ಇನ್ನೂ ಅಕ್ಷರ ಬೀಳದ ಜನ, ಬಾಯಿ ತೆರೆದರೂ ಮಾತಿಲ್ಲ. "ಹೂಂ." ಆ ಹೂಂಗುಟ್ಟುವಿಕೆಗೆ ಮೂಲೆಯಲ್ಲಿ ಫಕೀರವ್ವನಿಗೂ ಜೋಂಪು ಹತ್ತಿತು. ಎಷ್ಟೋ ದಿನದ ಮೇಲೆ ಬಂದ ಒಳ್ಳೆಯ ನಿದ್ದೆ. ಅವರಿಬ್ಬರನ್ನೂ ಎಬ್ಬಿಸಿದ್ದು ಸಂಜೆ ಬಂದ ಜೈನಾಬಿ.

"ಬಾಯಿಲೆ ಹೂಂ ಅಂದ್ರ ಹ್ಯಾಂಗೋ? ಕೈಲೆ ಒತ್ತಬೇಕು!"

ಅವಳೇ ಕೂತು ಪ್ರಿಂಟರಿನ ಹೆಸರು ಹುಡುಕಿ, ಅದರದೇ ಡ್ರೈವರ್ ಹಾಕಿ, ಐದು ನಿಮಿಷದಲ್ಲಿ ಎದ್ದಳು. "ಇನ್ನ ಮ್ಯಾಲೆ ಏನಿದ್ರೂ ಕೈಲೆ ಮಾಡು ಮೈಲಾರಿ!"

"ಹೂಂ. ಕೈಲೆ ಮಾಡ್ತೀನಿ."

ಬುಧವಾರ ಹಾಳೆ ಬಂತು! ಬಂತು, ಆದರೆ ಜೋಗುಳ ಅಡ್ಡಡ್ಡ ಬಿದ್ದಿತ್ತು, ಅರ್ಧ ಸಾಲು ಅಂಚಿನಾಚೆ ಹೋಗಿತ್ತು. ಫಕೀರವ್ವ ಕೇಳಿ ತಿಳಿದು, "ಅಡ್ಡ ಐತೇನು? ಉದ್ದಕ್ಕ ಮಾಡು," ಅಂದಳು.

ಕೈಲೆ ಮಾಡಬೇಕಲ್ಲ! ಮೈಲಾರಿ ಪ್ರಿಂಟರನ್ನ ಎರಡೂ ಕೈಲಿ ಎತ್ತಿ ಉದ್ದಕ್ಕೆ ನಿಲ್ಲಿಸಿದ. ಕೆಳಗಿಂದ ನೀಲಿ ಇಂಕು ತೊಟಕ್ಕೆಂದಿತು. ಕೆಂಪು ತೊಟಕ್ಕೆಂದಿತು. ನೆಲದ ಮೇಲೆ ಸಂಜೆಯ ಮೋಡ ಹರಡಿದ ಹಾಗಾಯ್ತು. ಎಷ್ಟು ಚೆಂದ ಅಂತ ನೋಡುತ್ತಾ ನಿಂತುಬಿಟ್ಟ.

ಜೈನಾಬಿ ಓಡಿಬಂದು ಒರೆಸಿ, ಸೆಟ್ಟಿಂಗಿನಲ್ಲಿ ಹಾಳೆಯ ಅಳತೆ ಸರಿಮಾಡಿ, ಅಡ್ಡ ಇದ್ದದ್ದನ್ನ ಉದ್ದ ಮಾಡಿ, ಒಂದು ಪ್ರತಿ ತೆಗೆದಳು. ಹನ್ನೆರಡೂ ಜೋಗುಳ ಮುತ್ತು ಪೋಣಿಸಿದ ಹಾಗೆ ಬಂದವು.

"ಇನ್ನ ಅದನ್ನ ಎಳೆಗೂಸಿನ್ಹಂಗ ನೋಡಿಕೋ!" ಅಂತ ಗದರಿದಳು ಫಕೀರವ್ವ. "ಎಳೆಗೂಸು! ತಿಳೀತಾ? ನಾಳೆ ನಾ ಪಟ್ಟಿ ಬದಲಸಾಕ ದವಾಖಾನಿಗೆ ಹೋಗಿ, ಹಂಗೇ ಶಿವಲೀಲಾನ ಮನಿಗೆ ಬರ್ತೀನಿ. ನೀ ಅರವತ್ತು ಪ್ರತಿ ತಗದು ಅಲ್ಲಿಗೇ ತಗೊಂಡು ಬಾ."

ಗುರುವಾರ ಬೆಳಿಗ್ಗೆ ಮೈಲಾರಿ ಪರದೆ ನೋಡಿದ. ಅಲ್ಲಿ ಬರೆದಿತ್ತು: ಮುದ್ರಕ ನಿದ್ರೆಯಲ್ಲಿದೆ. ಎಬ್ಬಿಸಲು ಯಾವುದಾದರೂ ಗುಂಡಿ ಒತ್ತಿ.

ಮಲಗಿದ ಕೂಸನ್ನ ಎಬ್ಬಿಸ್ತಾರೇನು? ಅವ್ವನ ಶಾಲು ತಂದು ಹೊದಿಸಿದ. ಗಿರಾಕಿ ಬಂದರೆ "ಶ್!" ಅಂದ. ಇದ್ದೊಂದು ಪ್ರತಿ ಹಿಡಿದು ಪಕ್ಕದಲ್ಲಿ ಕೂತು, ಮೆಲ್ಲಗೆ ಹಾಡಿದ.

"ಜೋ ಎನ್ನ ಗಿಣಿಮರಿ, ಜೋಳದ ತೆನೆಗರಿ,
ಜಾರಿ ಬಾ ನಿದ್ದಿ ಕೆನಿಹಾಂಗ..."

ಹನ್ನೆರಡೂ ಮುಗಿದವು. ಮೊದಲಿಂದ ಹಾಡಿದ. ಕೂಸು ಏಳಲಿಲ್ಲ. ಬಿಸಿಲು ನೆತ್ತಿಗೆ ಬಂತು. ಹೊತ್ತಾಯ್ತಲ್ಲ! ಎಳೆಗೂಸನ್ನ ಒಂಟಿ ಬಿಟ್ಟು ಹೋಗೋದು ಹೇಗೆ? ವೈರು ಬಿಚ್ಚಿ, ಶಾಲಲ್ಲಿ ಸುತ್ತಿ, ಹೆಗಲಿಗೆ ಒರಗಿಸಿಕೊಂಡು, ಬೆನ್ನು ತಟ್ಟುತ್ತಾ ನಡೆದ.

ಶಿವಲೀಲಾನ ಮನೆ ತುಂಬ ಹೆಂಗಸರು. ಕೂಸಿಗೆ ಒಳಗೆ ನೀರು ಹಾಕುತ್ತಿದ್ದರು. ಪಡಸಾಲೆಯಲ್ಲಿ ಹೂ ಸುತ್ತಿದ ತೊಟ್ಟಿಲು ಖಾಲಿ ತೂಗುತ್ತಿತ್ತು.

"ಕೂಸು ಮಲಗೈತಿ. ಎಲ್ಲಿ ಹಾಕಲಿ?"

ಹೋಳಿಗೆ ಬಡಿಸುವ ಗಡಿಬಿಡಿಯಲ್ಲಿ ಯಾರೋ ಅಂದರು, "ಕೂಸಂದ್ರ ತೊಟ್ಟಿಲಾಗ ಹಾಕಪ್ಪಾ!"

ಹಾಕಿದ. ಹೊದಿಸಿದ. ಎದ್ದರೆ ಶಕ್ತಿ ಬೇಕಲ್ಲ ಅಂತ ವೈರನ್ನ ಗೋಡೆಗೆ ಸಿಕ್ಕಿಸಿ, ಸ್ವಿಚ್ಚು ಮಾತ್ರ ಹಾಕದೆ ಬಿಟ್ಟ.

ಹುಚ್ಚವ್ವಜ್ಜಿ ಹಗ್ಗ ಹಿಡಿದು ಕಣ್ಣು ಮುಚ್ಚಿ ಶುರು ಮಾಡಿದಳು. ಎರಡು ಸಾಲು ಹಾಡಿದಳು. ಮೂರನೆಯದು ಬರಲಿಲ್ಲ. ಹೆಂಗಸರು ಹಾಡಿನ ಪ್ರತಿಗೆ ಹುಡುಕಾಡಿದರು. ಒಂದೂ ಇಲ್ಲ! ಆಗ ಬಾಗಿಲ ಬಳಿಯಿಂದ ಮೈಲಾರಿ ಮೂರನೆಯ ಸಾಲು ಎತ್ತಿಕೊಟ್ಟ. ಅಜ್ಜಿ ಹಿಡಿದುಕೊಂಡಳು. ಅವ ಅಂದದ್ದನ್ನ ಅಜ್ಜಿ, ಅಜ್ಜಿ ಅಂದದ್ದನ್ನ ಹೆಂಗಸರು. ಹೀಗೆ ಹನ್ನೆರಡೂ ಜೋಗುಳ ಎಲ್ಲರ ಬಾಯಲ್ಲಿ ಎರಡೆರಡು ಸಲ ತಿರುಗಿದವು. ಫಕೀರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನನ್ನ ಮಗನೇ ಇವ?

ಹಾಡು ಮುಗಿಯಿತು. ಕೂಸಿನ ಕಿವಿಯಲ್ಲಿ ಹೆಸರು ಕರೆಯಲು ಸೋದರತ್ತೆ ಬಂದಳು. ಒಳಗಿಂದ ಕೂಸನ್ನ ತಂದು ಮಲಗಿಸಿದ್ದಾರೆ ಅಂದುಕೊಂಡು, ಹೊದಿಕೆಯೊಳಗೆ ತಲೆ ಹಾಕಿ, "ಕುರ್ರ್..." ಅಂದಳು.

ಕರೆದರಲ್ಲ, ಇನ್ನು ಏಳಲಿ ಅಂತ ಮೈಲಾರಿ ಸ್ವಿಚ್ಚು ಹಾಕಿದ.

"ಕುರ್ರ್ರ್ರ್! ಟಕ್ ಟಕ್ ಟಕ್!" ಅಂತು ತೊಟ್ಟಿಲು.

ಸೋದರತ್ತೆ ಚೀರಿಕೊಂಡು ಗೋಡೆಗೆ ಹೋಗಿ ಬಿದ್ದಳು. ಹೊದಿಕೆ ಜಾರಿತು. "ಮೈಲಾರೀ! ಅದನ್ನ ಯಾಕೋ ಇಲ್ಲಿಗೆ ತಂದಿ?" ಅಂತ ಅರಚಿದಳು ಫಕೀರವ್ವ.

"ಒದರಬ್ಯಾಡ ಅವ್ವಾ! ಈಗ ಎದ್ದೈತಿ, ಹಸದೈತಿ ಪಾಪ!"

ಅಂದವನೇ, ಕೂಸಿಗೆಂದು ಕಾಯಿಸಿಟ್ಟ ಹಾಲಿನ ಬಟ್ಟಲು ಎತ್ತಿ, ಹಾಳೆ ಹಾಕುವ ಬಾಯಿಗೆ ಪೂರ್ತಿ ಸುರಿದುಬಿಟ್ಟ. ಪ್ರಿಂಟರು ಒಂದು ಸಲ ಗುಟುಕರಿಸಿತು. ಆಮೇಲೆ ಸುಮ್ಮನಾಯಿತು.

"ನೋಡವ್ವಾ," ಅಂದ ಮೈಲಾರಿ, ಖಾಲಿ ಬಟ್ಟಲು ತೋರಿಸುತ್ತಾ. "ಒಂದು ಹನೀನೂ ಉಳಸಲಿಲ್ಲ!"