ಎಲೀಶಪ್ಪನ ಕೆಂಪು ಎಳೆ

ಬಹಳ ಹಿಂದೆ, ನಮ್ಮ ಸೀಮೆಗೆ ಗಡಿಯಾರ ಕಾಲಿಡುವ ಮೊದಲು, ಒಂದೂರಿನ ಕ್ರೈಸ್ತರ ಓಣಿಯಲ್ಲಿ ಎಲೀಶಪ್ಪ ಅಂತ ಒಬ್ಬ ನೇಕಾರ ಇದ್ದನಂತೆ. ಅವನು ನೇಯ್ದ ಧೋತರವನ್ನು ಬಾವಿಗೆ ಬಿಟ್ಟು ನೀರು ಸೇದಿದರೆ ಒಂದು ಹನಿ ಸೋರುತ್ತಿರಲಿಲ್ಲವಂತೆ. ಹಾಗಂತಾರೆ. ಆ ನೀರು ಕುಡಿದವರು ನಮ್ಮ ಮುತ್ತಜ್ಜ. ನಮ್ಮ ಮನೆತನದವರು ಸುಳ್ಳು ಕುಡಿಯೋರಲ್ಲ.

ಆದರೆ ಎಲೀಶಪ್ಪನ ಹೆಸರು ಉಳಿದದ್ದು ಬಟ್ಟೆಯಿಂದಲ್ಲ, ಸತ್ಯವೇದ ಓದುವ ರೀತಿಯಿಂದ. ಬೆಳಿಗ್ಗೆ ನೇಯಲು ಮಗ್ಗದ ಕುಣಿಗೆ ಇಳಿಯುವ ಮೊದಲು ಒಂದೇ ಒಂದು ವಚನ ಓದುವನು. ಅದರ ಮಗ್ಗುಲಿಗೆ ಒಂದು ನೂಲಿನ ಎಳೆ ಇಡುವನು. ವಚನ ಹೇಳಿದ್ದನ್ನು ಬದುಕಿ ಮುಗಿಸುವ ತನಕ ಎಳೆ ಮುಂದೆ ಸರಿಯುವ ಹಾಗಿಲ್ಲ. ಓಣಿಯವರೂ ಅದನ್ನೇ ಕಲಿತರು. ಬಾವಿಕಟ್ಟೆಯಲ್ಲಿ ಊಟ ಆಯ್ತೇನು ಅಂತ ಕೇಳುವ ಬದಲು "ಎಳಿ ಎಲ್ಲಿಗೆ ಬಂತು?" ಅಂತ ಕೇಳುತ್ತಿದ್ದರಂತೆ.

ಅಂಗಿ ಕೇಳಿದವನಿಗೆ ಹೊದಿಕೆಯನ್ನೂ ಕೊಡಬೇಕು ಅನ್ನುವ ವಚನ ಬಂದ ದಿನ, ಸಂತೆಯಲ್ಲಿ ಯಾರೋ ಅಂಗಿ ಕೇಳಿದ. ಎಲೀಶಪ್ಪ ಅಂಗಿ ಕೊಟ್ಟ, ಕಂಬಳಿ ಕೊಟ್ಟ, ರುಮಾಲೂ ಕೊಟ್ಟ, ಜೋಳದ ಚೀಲ ಹೊದ್ದು ಮನೆಗೆ ಬಂದ. ಹೆಂಡತಿ ಮಾರ್ತವ್ವ ಬಾಗಿಲಲ್ಲೇ ತಡೆದು, "ಧೋತರ ಒಂದ ಉಳಿಸ್ಕೊಂಡ್ರಲ್ಲಾ, ಅದಕ್ಕ ವಚನ ಇಲ್ಲೇನು?" ಅಂದಳಂತೆ. ಮುಂದಿನ ವಚನದಂತೆ, ಒಂದು ಹರದಾರಿ ಹೊರೆ ಹೊರು ಅಂದವನಿಗೆ ಎರಡು ಹರದಾರಿ ಹೊತ್ತ. ನಾನು ಕೇಳಿದ ಪ್ರಕಾರ ಹೊರೆಯ ಜೊತೆ ಹೊರೆಯ ಯಜಮಾನನನ್ನೂ ಹೊತ್ತ.

ಅವನಿಗೆ ಒಬ್ಬಳೇ ಮಗಳು, ಸುಗುಣವ್ವ. ಮದುವೆ ಗೊತ್ತಾಗಿತ್ತು. ಅಪ್ಪನೇ ಕೆಂಪು ಸೀರೆ ನೇಯುತ್ತಿದ್ದ. ಎರಡು ಗೇಣು ಉಳಿದಿತ್ತು, ಅಷ್ಟರಲ್ಲಿ ಜ್ವರ ಬಂತು. ಮೂರೇ ದಿನ. ಹುಡುಗಿ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಪಾದ್ರಿಗಳು ಅವನ ಹೆಗಲು ಹಿಡಿದು, ದುಃಖಪಡುವವರಿಗೆ ಸಮಾಧಾನ ಸಿಗುತ್ತದೆಂದು ವೇದದಲ್ಲೇ ಇದೆ ಅಂತ ನೆನಪಿಸಿದರಂತೆ. ಎಲೀಶಪ್ಪ ಚೇಳು ಕುಟುಕಿದವನ ಹಾಗೆ ಎದ್ದ. ಆ ವಚನವನ್ನು ಅವನು ಹನ್ನೆರಡು ವರ್ಷದ ಹಿಂದೆಯೇ ದಾಟಿದ್ದ. ಅವತ್ತು ಓಣಿಯ ರೂತವ್ವ ಎನ್ನುವ ವಿಧವೆಯ ಮಗ ತೀರಿಕೊಂಡಿದ್ದ. ಎಲೀಶಪ್ಪ ಅವಳ ಅಂಗಳದಲ್ಲಿ ನಿಂತು, ಸಮಾಧಾನ ಬರುತ್ತದೆ ಅಂತ ಹೇಳಿ, ಬಿಸಿಲೇರುವ ಮೊದಲೇ ಮನೆಗೆ ಬಂದು ಎಳೆ ಸರಿಸಿದ್ದ.

"ಅವತ್ತ ನಾ ಸುಳ್ಳ ಸರಿಸೀನಿ" ಅಂದ. ಮಗ್ಗದ ಮೇಲಿನ ಸೀರೆಯಿಂದ ಒಂದು ಕೆಂಪು ಎಳೆ ಕಡಿದ. ಹನ್ನೆರಡು ವರ್ಷದ ಹಾಳೆಗಳನ್ನು ಹಿಂದಕ್ಕೆ ತಿರುವಿ, ಆ ವಚನದ ಮಗ್ಗುಲಿಗೆ ಇಟ್ಟ.

ಅಲ್ಲಿಂದ ಎಳೆ ಸರಿಯಲಿಲ್ಲ. ದಿನಾ ಬೆಳಿಗ್ಗೆ ಅದೇ ವಚನ, ದಿನಾ ಅದೇ ಎಳೆ. ಸೀರೆ ಮಗ್ಗದ ಮೇಲೆಯೇ ಇಲಿಯ ಪಾಲಾಯಿತು. ಬೇಸಿಗೆಯಲ್ಲೂ ಮಗ್ಗದ ಕುಣಿಯಲ್ಲಿ ಅವನ ಕಣ್ಣೀರು ನಿಂತಿತ್ತಂತೆ. ಹಾಗಂತಾರೆ.

"ಒಂದ ವಚನ ಮುಂದ ಹೋಗ್ರಿ. ನಾನರ ಇದ್ದೀನಲ್ಲ" ಅಂತ ಮಾರ್ತವ್ವ ಕೈಮುಗಿದಳು.

"ಬರಲಾರದ ಸಮಾಧಾನ ಬಂತು ಅಂತ ಎಳಿ ಹ್ಯಾಂಗ ಸರಸ್ಲಿ?"

ಒಂದು ದಿನ ರೂತವ್ವ ಕೋಲೂರಿಕೊಂಡು ಬಂದಳು. ಎಲೀಶಪ್ಪ ಅವಳ ಕಾಲು ಹಿಡಿದು, "ಯವ್ವಾ, ನಿನಗರ ಬಂತೇನು?" ಅಂತ ಕೇಳಿದ.

"ಇಲ್ಲೋ ತಮ್ಮಾ. ನೀ ಬರತೈತಿ ಅಂದು ಹೋದಿ. ನಾ ಬಾಗಲಾ ನೋಡ್ಕೋತ ಕುಂತೆ."

ಮುದುಕಿ ಅವನ ಪಕ್ಕ ಹೊತ್ತು ಮುಳುಗುವವರೆಗೆ ಕೂತಳು. ಮರುದಿನವೂ ಬಂದಳು. ಸಾಯುವ ತನಕ ಬಂದಳು. ಆಮೇಲೆ ಅವನೊಬ್ಬನೇ ಕೂತ. ಅವನು ಸತ್ತಾಗ ಬೆರಳು ವಚನದ ಮೇಲಿತ್ತು. ನಾಲ್ಕು ಜನ ಗಟ್ಟಿಗರು ಎಳೆದರೂ ಆ ಎಳೆ ಪುಸ್ತಕ ಬಿಟ್ಟು ಬರಲಿಲ್ಲವಂತೆ.

ಇವತ್ತಿಗೂ ಆ ಓಣಿಯಲ್ಲಿ ಸಾವಾದ ಮನೆಗೆ ಹೋದವರು ಸಮಾಧಾನದ ಮಾತು ಆಡುವುದಿಲ್ಲ. ಕೆಂಪು ಎಳೆಯೊಂದನ್ನು ಒಯ್ದು, ಆ ಮನೆಯ ಸತ್ಯವೇದದಲ್ಲಿ ಅದೇ ವಚನಕ್ಕಿಟ್ಟು, ಸಂಜೆ ತನಕ ಸುಮ್ಮನೆ ಕೂತು ಬರುತ್ತಾರೆ. ಅದನ್ನು ಸರಿಸುವ ಹಕ್ಕು ತಮ್ಮವರನ್ನು ಕಳೆದುಕೊಂಡವರಿಗೆ ಮಾತ್ರ.

ನನ್ನವಳು ಹೋಗಿ ಹನ್ನೊಂದು ವರ್ಷ. ನನಗೆ ಓದು ಅಷ್ಟಕ್ಕಷ್ಟೇ. ಆದರೂ ಆ ಹಾಳೆ ಹುಡುಕಲು ನನಗೆ ಅಕ್ಷರ ಬೇಕಿಲ್ಲ. ನಮ್ಮ ಮನೆಯ ಪುಸ್ತಕ ತಾನೇ ಅಲ್ಲಿಗೆ ತೆರೆದುಕೊಳ್ಳುತ್ತದೆ, ಓಣಿಯವರು ಇಟ್ಟ ಎಳೆ ಇನ್ನೂ ಅಲ್ಲೇ ಇದೆ.