ಅಡುಗೆಕಟ್ಟೆಯ ಕೆಳಗೆ ಕೂತ ಅವ್ವ

ಹೊಳೆದಂಡೆಯ ಆಶ್ರಮದ ಹೊಸ ಅಡುಗೆಮನೆಯಲ್ಲಿ ಕರಿಕಲ್ಲಿನ ಕಟ್ಟೆ ಕೂತಿತ್ತು. ಅದರಲ್ಲಿ ಸಿಂಕಿಗೊಂದು, ಗ್ಯಾಸ್ ಒಲೆಗೊಂದು ಕಿಂಡಿ ಕೊಯ್ಯಬೇಕಿತ್ತು.

ಕೆಲಸ ಹಾಲಪ್ಪನ ಪಾಲಿಗೆ ಬಂತು. ಶಿಷ್ಯನಾಗುವ ಮೊದಲು ಅವನು ಕಲ್ಲು ಕೊಯ್ದೇ ಬದುಕಿದವನು.

“ಜೊತೆಗೆ ಯಾರು?” ಗುರು ಪಾರ್ವತವ್ವ ಕೇಳಿದರು.

“ಯಾರೂ ಬೇಡ ಅವ್ವಾ. ಒಬ್ಬನೇ ಮಾಡ್ತೀನಿ.”

ಪಕ್ಕದ ಕೋಣೆಯಲ್ಲಿ ಅಡುಗೆಯ ಕೊಟ್ರಯ್ಯ ತರಕಾರಿ ಹೆಚ್ಚುತ್ತಿದ್ದ. ಒಲೆ ಕಿಟಕಿಯ ಹತ್ತಿರ ಇರಬೇಕೋ ಬೇಡವೋ ಎಂದು ಜಗಳವಾಡಿ ಅವನೂ ಹಾಲಪ್ಪನೂ ಮಾತು ಬಿಟ್ಟಿದ್ದರು.

ಅವ್ವ ಹೊಸ್ತಿಲ ಬಳಿ ಕೂತರು.

ಹಾಲಪ್ಪ ಗುರುತು ಹಾಕಿ, ನೀರು ಬಿಡುತ್ತಾ ಕಲ್ಲು ಕೊಯ್ಯುವ ಮಷಿನ್ ಓಡಿಸಿದ. ಸಿಂಕಿನ ಕಿಂಡಿಯ ಮೂರು ಬದಿ ಸಲೀಸಾಗಿ ಕೊಯ್ದಾಯಿತು. ನಾಲ್ಕನೆಯದು ಮುಗಿಯಲು ಸ್ವಲ್ಪವೇ ಉಳಿದಾಗ ನಡುವಿನ ತುಂಡು ಕೆಳಕ್ಕೆ ಜಗ್ಗಿತು.

ಅವನು ಮಷಿನ್ ನಿಲ್ಲಿಸಿ, ತುಂಡಿನ ಅಡಿಗೆ ಎರಡೂ ಕೈ ಕೊಟ್ಟ. ಅದು ತಾನಾಗಿ ಮುರಿದು ಬಿದ್ದರೆ ಬಿರುಕು ಇಡೀ ಕಟ್ಟೆಗೆ ಹರಿಯುತ್ತದೆ. ಕೈ ಬಿಡುವಂತಿಲ್ಲ, ಬಿಡದೆ ಕೊಯ್ಯುವಂತಿಲ್ಲ.

ಪಾರ್ವತವ್ವ ಎದ್ದು ಬಂದರು. ಬಗ್ಗಿ ಕಟ್ಟೆಯ ಕೆಳಗೆ ನುಸುಳಿ, ಆ ತುಂಡಿನ ಅಡಿಯಲ್ಲೇ ಕೂತರು.

“ಅವ್ವಾ, ಏಳಿ! ಬಿದ್ದರೆ ನಿಮ್ಮ ಮೇಲೇ ಬೀಳುತ್ತೆ!”

“ಯಾರೂ ಬೇಡ ಅಂದೆಯಲ್ಲ. ನಾನು ಯಾರೂ ಅಲ್ಲ.”

“ಕೈ ಸೋಲ್ತಿದೆ ಅವ್ವಾ!”

ಅವ್ವ ಕಣ್ಣು ಮುಚ್ಚಿಕೊಂಡರು.

ಒಂದು ಹೆಸರು ಹಾಲಪ್ಪನ ಬಾಯಿಯವರೆಗೆ ಬಂದು ಬಂದು ನಿಂತಿತು.

“ಕೊಟ್ರಯ್ಯಾ! ಬೇಗ ಬಾರಪ್ಪಾ! ಅವ್ವ ಕೆಳಗಿದ್ದಾರೆ!”

ಕೊಟ್ರಯ್ಯ ಈಳಿಗೆ ಬಿಟ್ಟು ಓಡಿ ಬಂದ. ಅವ್ವನನ್ನು ಕೈಹಿಡಿದು ಆಚೆ ಎಳೆದುಕೊಂಡ. ದೊಡ್ಡ ಹಂಡೆಯೊಂದನ್ನು ಬೋರಲು ಹಾಕಿ, ಮೇಲೆ ಮಣೆಗಳನ್ನು ಪೇರಿಸಿ, ತುಂಡಿಗೆ ಆನಿಸಿದ.

“ಈಗ ಕೊಯ್ಯಿ.”

ಮಷಿನ್ ಮತ್ತೆ ಅರಚಿತು. ತುಂಡು ಬಿಟ್ಟುಕೊಂಡು, ಮಣೆಯ ಮೇಲೆ ಮೆತ್ತಗೆ ಕೂತಿತು.

ಹಾಲಪ್ಪ ಅಂಚಿನುದ್ದಕ್ಕೂ ಬೆರಳಾಡಿಸಿದ. ಎಲ್ಲೂ ಬಿರುಕಿರಲಿಲ್ಲ. ನೆಲದ ಮೇಲೇ ಕೂತುಬಿಟ್ಟ. ಪಕ್ಕದಲ್ಲೇ ಕುಸಿದ ಕೊಟ್ರಯ್ಯ, ಕಲ್ಲಿನ ಕೆಸರು ಮೆತ್ತಿದ ಅವನ ಮುಖ ನೋಡಿ ನಕ್ಕುಬಿಟ್ಟ. ಹಾಲಪ್ಪನಿಗೂ ನಗು ತಡೆಯಲಾಗಲಿಲ್ಲ.

“ಒಲೆಯ ಕಿಂಡಿ ಎಲ್ಲಿ ಕೊಯ್ಯಲಿ, ನೀನೇ ಹೇಳು.”

“ನೀನು ಗುರುತು ಹಾಕಿದಲ್ಲೇ ಇರಲಿ ಬಿಡೋ.”

ಆಮೇಲೆ ಹಾಲಪ್ಪ ಅವ್ವನ ಕಡೆ ತಿರುಗಿದ.

“ಕಲ್ಲು ಬಿದ್ದೇ ಬಿಟ್ಟಿದ್ದರೆ ಏನು ಗತಿ, ಅವ್ವಾ?”

ಪಾರ್ವತವ್ವ ಒದ್ದೆಯಾದ ಸೆರಗು ಹಿಂಡಿಕೊಳ್ಳುತ್ತಾ, ಅಕ್ಕಪಕ್ಕ ಕೂತ ಇಬ್ಬರನ್ನೂ ನೋಡಿದರು.

“ಅದಕ್ಕಿಂತ ಭಾರದ್ದೇ ಬಿತ್ತಲ್ಲ. ಯಾರಿಗೂ ನೋವಾಗಲಿಲ್ಲ.”