ರಾಳದ ಗಂಟು ಮತ್ತು ಹಲಸಿನ ಮೇಣ

“ಉಸ್ತಾದರೇ, ಅಂಪೈರ್ ಕಣ್ಣಿಗೆ ಬೀಳದ ಅಂಟು ತಪ್ಪಾಗುತ್ತದೆಯೇ?” ಎಂದು ಕಸ್ತೂರಿ ಕೇಳಿದಳು.

ಸಂಜೆಯ ಅಭ್ಯಾಸ ಮುಗಿದಿತ್ತು. ಉಸ್ತಾದ್ ಕೆಂಚಪ್ಪನವರು ಮೈದಾನದ ಅಂಚಿನ ಕಲ್ಲಿನ ಮೇಲೆ ಕುಳಿತು ಚೆಂಡುಗಳ ಮಣ್ಣು ಒರೆಸಿ ಚೀಲಕ್ಕೆ ಹಾಕುತ್ತಿದ್ದರು. ಕಸ್ತೂರಿ ಅವರ ಸಾಫ್ಟ್‌ಬಾಲ್ ತಂಡದ ಎಸೆತಗಾರ್ತಿ. ತೋಳನ್ನು ಗಿರ್ರನೆ ಒಂದು ಸುತ್ತು ಸುತ್ತಿಸಿ, ಸೊಂಟದ ಪಕ್ಕದಿಂದ ಚೆಂಡು ಬಿಡುವುದು ಅವಳ ಕೆಲಸ. ಆದರೆ ಅವಳ ಅಂಗೈ ಬೆವರುತ್ತಿತ್ತು. ಮೊನ್ನೆಯ ಪಂದ್ಯದಲ್ಲಿ ಚೆಂಡು ಜಾರಿ, ದಾಂಡು ಹಿಡಿದವಳ ಹಿಂದೆ ಚೆಂಡು ಹಿಡಿಯಲು ಕುಳಿತವಳ ತಲೆಯ ಮೇಲಿಂದ ಹಾರಿತ್ತು. ತಂಡ ಸೋಲಿನ ಬಾಯಿಗೆ ಹೋಗಿ ಬಂದಿತ್ತು. ನಾಳೆ ಕೊನೆಯ ಪಂದ್ಯ. ರಾಜ್ಯ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರು ನಾಳೆ ಬಂದು ಕೂರುತ್ತಾರೆ. ಎದುರು ತಂಡದ ನಾಯಕಿ ಬೋರಮ್ಮ. ಚಿಕ್ಕಂದಿನಲ್ಲಿ ಕಸ್ತೂರಿಯ ಬೆರಳುಗಳನ್ನು ಚೆಂಡಿನ ಹೊಲಿಗೆಯ ಮೇಲೆ ಕೂರಿಸಿ ಹಿಡಿತ ಕಲಿಸಿದವಳು ಅವಳೇ. ಕಸ್ತೂರಿ ಇಂದಿಗೂ ಅವಳನ್ನು ಬೋರಕ್ಕ ಎಂದೇ ಕರೆಯುತ್ತಾಳೆ.

ಕಸ್ತೂರಿ ಬಾಳೆ ಎಲೆಯ ಒಂದು ಚೂರನ್ನು ಬಿಚ್ಚಿ ತೋರಿಸಿದಳು. ಒಳಗೆ ಕಡಲೆಕಾಳಿನಷ್ಟು ಹಲಸಿನ ಮೇಣ ಇತ್ತು.

“ಕೈ ಒಣಗಿಸಲು ರಾಳದ ಪುಡಿ ಇದೆಯಲ್ಲ, ಮಗಳೇ. ಅದಕ್ಕೆ ನಿಯಮವೇ ಒಪ್ಪಿಗೆ ಕೊಟ್ಟಿದೆ.”

“ಅದನ್ನು ಮುಟ್ಟಿದಾಗಲೆಲ್ಲ ಎದುರಿನವರು ಹೋ ಎಂದು ಕೂಗುತ್ತಾರೆ, ಉಸ್ತಾದರೇ. ಇದಾದರೆ ಯಾರಿಗೂ ಕಾಣುವುದಿಲ್ಲ.”

ಉಸ್ತಾದರು ಮೇಣವನ್ನು ನೋಡಿದರು. ಮುಟ್ಟಲಿಲ್ಲ.

“ಈ ಸೀಮೆಯ ಮೈದಾನಗಳ ಹುಲ್ಲು ನನ್ನನ್ನು ಕಂಡರೆ ಎದ್ದು ನಿಲ್ಲುತ್ತದೆ. ನಾನು ನೋಡದ ಆಟವಿಲ್ಲ. ಕುಳಿತುಕೋ, ಒಂದು ಆಟದ ಕತೆ ಹೇಳುತ್ತೇನೆ” ಎಂದು ಆರಂಭಿಸಿದರು.

ಒಂದು ಊರಿನಲ್ಲಿ ಒಬ್ಬ ಎಸೆತಗಾರನಿದ್ದ. ಅವನ ವೇಗದ ಮುಂದೆ ವೇಗ ಎನ್ನುವ ಮಾತೇ ಕುಂಟುತ್ತಿತ್ತು. ಅವನು ಬಿಟ್ಟ ಚೆಂಡು ದಾಂಡಿಗನ ಹಿಂದೆ ಕುಳಿತವನ ಕೈಗವಸು ಸೇರಿ, ಅವನು ಅದನ್ನು ಮರಳಿ ಎಸೆದ ಮೇಲೆ ದಾಂಡಿಗನ ಕಿವಿಗೆ ಅದರ ಸದ್ದು ಬೀಳುತ್ತಿತ್ತು. ಆದರೆ ಅವನ ಅಂಗೈ ಬೆವರುತ್ತಿತ್ತು. ಬೆವರು ಎಂದರೆ ಅಂತಿಂಥ ಬೆವರಲ್ಲ. ಅವನು ನಿಂತು ಎಸೆಯುವ ಜಾಗದಲ್ಲಿ ಬಿರುಬೇಸಿಗೆಯಲ್ಲೂ ಗರಿಕೆ ಚಿಗುರುತ್ತಿತ್ತು. ಆಟದ ನಡುವಿನ ಬಿಡುವಿನಲ್ಲಿ ಗುಬ್ಬಿಗಳು ಅಲ್ಲಿಗೆ ಬಂದು ನೀರು ಕುಡಿದು ಹೋಗುತ್ತಿದ್ದವು.

ಕಸ್ತೂರಿ ನಕ್ಕಳು. ಉಸ್ತಾದರು ನಗಲಿಲ್ಲ.

ಪ್ರತಿ ಆಟಕ್ಕೆ ಮೊದಲು ಅಂಪೈರು ಒಂದೇ ಮಾತು ಹೇಳುತ್ತಿದ್ದ. “ಬೆವರಿದರೆ ನಿನ್ನ ಹಿಂದೆ ಬಟ್ಟೆಯಲ್ಲಿ ಕಟ್ಟಿದ ರಾಳದ ಪುಡಿಯ ಗಂಟು ಬಿದ್ದಿರುತ್ತದೆ. ಎತ್ತಿಕೋ, ಕೈಗೆ ತಟ್ಟಿಕೋ, ಅಲ್ಲೇ ಇಡು. ಚೆಂಡಿಗೆ ಹಚ್ಚಬೇಡ, ಕೈಗವಸಿಗೂ ಹಚ್ಚಬೇಡ. ಬೆರಳನ್ನು ನಾಲಿಗೆಗೆ ತಾಗಿಸಿದರೆ ಬಟ್ಟೆಗೆ ಒರೆಸಿಯೇ ಚೆಂಡು ಮುಟ್ಟು. ಬೆರಳಿಗೆ ಪಟ್ಟಿ ಸುತ್ತಬೇಡ. ಏನು ಮಾಡಿದರೂ ನನ್ನ ಕಣ್ಣೆದುರು ಮಾಡು.”

ಎಸೆತಗಾರ ಬಹಳ ಕಾಲ ಹಾಗೆಯೇ ಮಾಡಿದ. ಬಗ್ಗಿ ಗಂಟು ಎತ್ತುತ್ತಿದ್ದ, ತಟ್ಟಿಕೊಳ್ಳುತ್ತಿದ್ದ, ಕೈ ಒಣಗುತ್ತಿತ್ತು, ಚೆಂಡು ಹೇಳಿದಂತೆ ಕೇಳುತ್ತಿತ್ತು. ಒಂದು ದಿನ ಎದುರು ಕಡೆಯ ಒಬ್ಬ ಕೀಟಲೆಯವನು ಕೂಗಿದ. “ಕೈಗೆ ಹಿಟ್ಟು ಹಚ್ಚಿಕೊಂಡ ನೋಡ್ರೋ! ಇನ್ನು ರೊಟ್ಟಿ ತಟ್ಟುತ್ತಾನೆ!” ಮೈದಾನಕ್ಕೆ ಮೈದಾನವೇ ನಕ್ಕಿತು. ಅಂದಿನಿಂದ ಅವನು ಬಗ್ಗಿದಾಗಲೆಲ್ಲ ನಾಲ್ಕೂ ದಿಕ್ಕಿನಿಂದ ಟಪಟಪ ರೊಟ್ಟಿ ತಟ್ಟುವ ಸದ್ದು ಬರತೊಡಗಿತು. ಅವನಿಗೆ ನಗೆಗಿಂತ ಹೆಚ್ಚು ಚುಚ್ಚಿದ್ದು ಬೇರೆಯೇ ಇತ್ತು. ಗಂಟು ಮುಟ್ಟಿದರೆ ತನ್ನ ಕೈ ಬೆವರಿದೆ ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಕೈ ಬೆವರಿದವನು ಹೆದರಿದ್ದಾನೆ ಎಂದೇ ಜನ ತಿಳಿಯುತ್ತಿದ್ದರು. ತಾನು ಹೆದರುವವನಲ್ಲ ಎಂದು ತೋರಿಸುವ ಆಸೆಗೆ ಅವನು ಗಂಟು ಮುಟ್ಟುವುದನ್ನೇ ಬಿಟ್ಟ.

ಚೆಂಡು ಜಾರತೊಡಗಿತು. ಆಗ ಅವನು ಹಲಸಿನ ಮೇಣ ತಂದ.

ಆ ಮೇಣದ ಗುಣ ಹೇಳಬೇಕು. ಅವನು ಅದನ್ನು ರಾತ್ರಿ ಕಿಟಕಿಯ ಮೇಲೆ ಇಟ್ಟಿದ್ದ. ಬೆಳಿಗ್ಗೆ ನೋಡಿದರೆ ಮೇಣಕ್ಕೆ ನೊಣ ಅಂಟಿತ್ತು, ನೊಣ ಹಿಡಿಯಲು ಬಂದ ಹಲ್ಲಿ ಅಂಟಿತ್ತು, ಹಲ್ಲಿ ಹಿಡಿಯಲು ಬಂದ ಬೆಕ್ಕು ಕಿಟಕಿಯಿಂದ ಜೋತಾಡುತ್ತಿತ್ತು. ಬೆಕ್ಕನ್ನು ಬಿಡಿಸಲು ಹೋದ ಅವನ ಹೆಂಡತಿ ಮಧ್ಯಾಹ್ನದವರೆಗೆ ಅಲ್ಲೇ ನಿಂತಿದ್ದಳು. ಎಣ್ಣೆ ಸವರಿದ ಮೇಲೆಯೇ ಎಲ್ಲರೂ ಬಿಡಿಬಿಡಿಯಾದದ್ದು. ಇದು ನನ್ನ ಕೆಲಸಕ್ಕೆ ಸರಿ ಎಂದು ಎಸೆತಗಾರ ಹಿಗ್ಗಿದ.

ಕೊನೆಯ ಪಂದ್ಯದ ದಿನ ಬಂತು. ಮೇಣವನ್ನು ಕಿವಿಯ ಹಿಂದೆ ಮೆತ್ತಿಕೊಂಡ. ಮೇಣ ಬಿಡಿಸಲು ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಚೀಲದಲ್ಲಿಟ್ಟ. ಬೆವರು ಒರೆಸುವವನಂತೆ ಕಿವಿ ಮುಟ್ಟುತ್ತಿದ್ದ, ಬೆರಳ ತುದಿಗೆ ಚೂರು ಮೇಣ ತಾಗಿಸಿಕೊಳ್ಳುತ್ತಿದ್ದ. ಚೆಂಡು ಜಾರಲಿಲ್ಲ. ಯಾರೂ ರೊಟ್ಟಿ ತಟ್ಟಲಿಲ್ಲ. ಗಂಟು ಅವನ ಹಿಂದೆ ಬಿದ್ದಲ್ಲೇ ಬಿದ್ದಿತ್ತು.

ಎದುರು ತಂಡದಲ್ಲಿ ಒಬ್ಬ ದಾಂಡಿಗನಿದ್ದ. ಅವನು ಹೊಡೆದ ಚೆಂಡು ಬೇಲಿ ದಾಟಿ, ಪಕ್ಕದ ಊರಿನಲ್ಲಿ ಮೇಯುತ್ತಿದ್ದ ಎಮ್ಮೆಯನ್ನು ಎಬ್ಬಿಸುತ್ತಿತ್ತು. ಕೊನೆಗೆ ಉಳಿದವನು ಅವನೊಬ್ಬನೇ. ಅವನು ಹೊಡೆದರೆ ಗೆಲುವಿನ ಕಪ್ಪು ಆ ತಂಡಕ್ಕೆ, ತಪ್ಪಿದರೆ ಈ ತಂಡಕ್ಕೆ. ಎಸೆತಗಾರನ ಕೈ ಹೊಳೆಯಾಯಿತು. ಅವನು ಕಿವಿಯ ಹಿಂದಿನ ಮೇಣವನ್ನೆಲ್ಲ ಬಳಿದು ಅಂಗೈ ತುಂಬಿಕೊಂಡ. ತೋಳು ಸುತ್ತಿಸಿ ಬಿಟ್ಟ. ಹೊಸ ಬಟ್ಟೆ ಹರಿದಂತೆ ಪರ್‍ರೆಂದು ಸದ್ದು ಮಾಡಿ ಚೆಂಡು ಅವನ ಕೈ ಬಿಟ್ಟಿತು, ದಾಂಡಿಗನ ಎದುರಿಗೆ ಬಂದು ಕಲ್ಲಿನಂತೆ ಕೆಳಗಿಳಿಯಿತು. ದಾಂಡು ಬರೀ ಗಾಳಿಯನ್ನು ಹೊಡೆಯಿತು.

ಜನ ಎದ್ದು ಕುಣಿದರು. ಎಸೆತಗಾರ ಚೀಲದ ಕಡೆ ಓಡಲು ಹೆಜ್ಜೆ ತೆಗೆದ. ಅಷ್ಟರಲ್ಲಿ ಅಂಪೈರು ಕೈಬೀಸಿ ಕರೆದ. ಆಟ ಮುಗಿದ ಕೂಡಲೇ ಎರಡೂ ತಂಡ ಸಾಲಾಗಿ ನಿಂತು ಕೈಕುಲುಕಬೇಕು. ಅದು ಎಲ್ಲ ಆಟಗಾರರಿಗೂ ಗೊತ್ತಿದ್ದ ಪದ್ಧತಿ. ಮೇಣದ ಗುಂಗಿನಲ್ಲಿ ಅವನು ಅದೊಂದನ್ನು ಮರೆತಿದ್ದ.

ಸಾಲಿನ ತಲೆಗೆ ಆ ದಾಂಡಿಗನೇ ನಿಂತಿದ್ದ. ಸೋತಿದ್ದರೂ ನಗುತ್ತ ಬಲಗೈ ಚಾಚಿದ. ಎಡಗೈ ಚಾಚುವುದು ಮರ್ಯಾದೆಯಲ್ಲ. ಎಸೆತಗಾರನೂ ಬಲಗೈಯನ್ನೇ ಚಾಚಿದ.

ಎರಡು ಕೈ ಸೇರಿದವು. ಸೇರಿದವು ಬಿಡಲಿಲ್ಲ.

ದಾಂಡಿಗ ಒಮ್ಮೆ ಎಳೆದ. ಇನ್ನೊಮ್ಮೆ ಎಳೆದ. ಆಮೇಲೆ ಎಳೆಯುವುದನ್ನು ನಿಲ್ಲಿಸಿ ಎಸೆತಗಾರನ ಮುಖ ನೋಡಿದ. ಅವನ ಮುಖದ ನಗು ಮೆಲ್ಲಗೆ ಇಳಿಯಿತು. ಹಿಂದಿನ ಸಾಲು ಕಾಯುತ್ತಿತ್ತು. ಅಂಪೈರು ಹತ್ತಿರ ಬಂದ.

“ಏನಯ್ಯಾ, ಇನ್ನೂ ಕುಲುಕುತ್ತಿದ್ದೀರಾ?”

ದಾಂಡಿಗ ಒಂದು ಮಾತು ಹೇಳಿದರೆ ಗೆಲುವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಇನ್ನೆಂದೂ ಯಾರೂ ಅವನ ಕೈಗೆ ಚೆಂಡು ಕೊಡುವುದಿಲ್ಲ.

“ಹಳೆಯ ಪರಿಚಯ ಸ್ವಾಮಿ, ಮಾತಾಡಿಕೊಂಡು ಬರುತ್ತೇವೆ” ಎಂದ ದಾಂಡಿಗ. ಕೈ ಹಿಡಿದವನನ್ನು ಹಾಗೆಯೇ ಕರೆದುಕೊಂಡು ಬೇಲಿಯಾಚೆ ನಡೆದ.

ಬೇಲಿಯಾಚೆ ಒಬ್ಬ ಮುದುಕಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದಳು. ಇಬ್ಬರನ್ನೂ ನೋಡಿ, “ಕೈ ಹಿಡಿದುಕೊಂಡೇ ಬಂದಿರಲ್ಲಪ್ಪಾ, ಮದುವೆ ಊಟ ಯಾವಾಗ ಹಾಕಿಸುತ್ತೀರಿ?” ಎಂದಳು. ದಾಂಡಿಗ ನಗಲಿಲ್ಲ. ಒಂದು ಸೌಟು ತಣ್ಣನೆಯ ಎಣ್ಣೆ ಬೇಡಿದ. ಎರಡು ಅಂಗೈಗಳ ನಡುವೆ ಎಣ್ಣೆ ಇಳಿಬಿಟ್ಟು, ಒಂದೊಂದೇ ಬೆರಳನ್ನು ಬಿಡಿಸತೊಡಗಿದ.

“ನೀನು ಯಾಕೆ ಹೇಳಲಿಲ್ಲ?” ಎಂದು ಎಸೆತಗಾರ ಕೇಳಿದ.

“ನಿನ್ನಂಥ ಕೈ ಇನ್ನೊಂದಿಲ್ಲ ಎಂದು ಊರೂರಿಗೆ ಹೇಳಿಕೊಂಡು ತಿರುಗಿದವನು ನಾನು. ಈಗ ನನ್ನ ಬಾಯಿಂದ ಬೇರೆ ಮಾತು ಹೇಗೆ ಬರಬೇಕು? ಆ ಗಂಟು ನಿನ್ನ ಕಾಲ ಬುಡದಲ್ಲೇ ಬಿದ್ದಿತ್ತಲ್ಲ.”

“ಜನ ನಗುತ್ತಿದ್ದರು.”

“ಜನ ನಕ್ಕರೆ ಪುಡಿ ಕೆಲಸ ಮಾಡುವುದಿಲ್ಲವೇ?”

ಕೊನೆಯ ಬೆರಳು ಬಿಟ್ಟಿತು. ದಾಂಡಿಗ ತನ್ನ ಕೈಯನ್ನು ಮಣ್ಣಿಗೆ ತಿಕ್ಕಿ, ಚಡ್ಡಿಗೆ ಒರೆಸಿಕೊಂಡು ತನ್ನವರ ಕಡೆ ಹೋದ.

ಆ ಸಂಜೆ ಕಪ್ಪು ಕೊಟ್ಟರು. ಎಸೆತಗಾರ ಹಿಡಿದ. ಅವನ ಕೈಯಲ್ಲಿ ಎಣ್ಣೆಯಿತ್ತು. ಕಪ್ಪು ಜಾರಿ ವೇದಿಕೆಯ ಮೇಲೆ ಬಿದ್ದು ಮೂತಿ ಸೊಟ್ಟಗಾಯಿತು. ಜನ ಅದಕ್ಕೂ ನಕ್ಕರು. ಗೆದ್ದ ಖುಷಿಗೆ ಕೈ ನಡುಗಿತು ಎಂದುಕೊಂಡರು.

ಉಸ್ತಾದರು ಕತೆ ನಿಲ್ಲಿಸಿದರು. ಕೊನೆಯ ಚೆಂಡನ್ನು ಒರೆಸಿದರು.

“ಆಮೇಲೆ ಅವನು ಸಿಕ್ಕಿಬಿದ್ದನೇ?” ಎಂದು ಕಸ್ತೂರಿ ಕೇಳಿದಳು.

“ಎಲ್ಲಿಯ ಮಾತು! ದಾಂಡಿಗ ಸಾಯುವವರೆಗೂ ಬಾಯಿ ಬಿಡಲಿಲ್ಲ. ಮರುದಿನವೇ ಎಸೆತಗಾರ ಮನೆಯಲ್ಲಿ ಉಳಿದಿದ್ದ ಮೇಣವನ್ನು ಕೆರೆಗೆ ಎಸೆದ. ಆ ಕೆರೆಯ ಮೀನುಗಳು ಇಂದಿಗೂ ಜೋಡಿಜೋಡಿಯಾಗಿ ಬಲೆಗೆ ಬೀಳುತ್ತವೆ, ಬೇಕಾದರೆ ಹೋಗಿ ನೋಡು. ಆಮೇಲೆ ಎಲ್ಲರೆದುರೂ ಬಗ್ಗಿ ಗಂಟನ್ನೇ ಎತ್ತಿದ. ರೊಟ್ಟಿ ತಟ್ಟುವವರು ತಟ್ಟಿ ತಟ್ಟಿ ಕೈ ಸೋತು ಬಿಟ್ಟರು. ಅವನು ಎಷ್ಟೋ ಪಂದ್ಯ ಗೆದ್ದ. ಎಲ್ಲವನ್ನೂ ಒಣಗಿದ ಕೈಯಲ್ಲೇ ಗೆದ್ದ.”

“ಹಾಗಾದರೆ ಅವನಿಗೆ ಆದ ನಷ್ಟವೇನು, ಉಸ್ತಾದರೇ?”

“ಪ್ರತಿ ಪಂದ್ಯ ಮುಗಿದ ಮೇಲೂ ಸಾಲು ನಿಲ್ಲುತ್ತಿತ್ತು. ಎಲ್ಲರೂ ಅವನ ಕೈ ಕುಲುಕುತ್ತಿದ್ದರು. ಆ ದಾಂಡಿಗ ಮಾತ್ರ ಎದುರಿಗೆ ಬಂದಾಗ ಎರಡೂ ಕೈ ಜೋಡಿಸಿ, ನಗುನಗುತ್ತ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದ. ಎಂಥ ಸಂಸ್ಕಾರವಂತ ಎಂದು ನೋಡಿದವರೆಲ್ಲ ಹೊಗಳುತ್ತಿದ್ದರು. ಆ ನಮಸ್ಕಾರ ಯಾಕೆಂದು ಆ ಎಸೆತಗಾರನೊಬ್ಬನಿಗೇ ಗೊತ್ತಿತ್ತು.”

ಉಸ್ತಾದರು ಚೀಲದ ಬಾಯಿ ಕಟ್ಟಿದರು. ಕಲ್ಲಿನಿಂದ ಎದ್ದು, ಬಾಳೆ ಎಲೆಯ ಚೂರನ್ನು ಇನ್ನೂ ಹಿಡಿದುಕೊಂಡಿದ್ದ ಕಸ್ತೂರಿಯ ಕಡೆ ತಿರುಗಿದರು.

“ನಾಳೆ ಆಟ ಮುಗಿದ ಮೇಲೆ ಬೋರಕ್ಕ ನಿನಗೆ ಕೈ ಚಾಚಬೇಕೋ, ಕೈ ಜೋಡಿಸಬೇಕೋ?”